ಪುಟ್ಟ ಕಾರಿಗೊಂದು ಡೇರೆ

ದೀಪಾವಳಿ ಮುಗಿದು ಡಿಸೆಂಬರಿನ ರಜೆ ಹತ್ತಿರವಾದಂತೆ ಮುಂಬಯಿ, ಪುಣೆಗಳ ನಮ್ಮ ಮನೆಗಳಲ್ಲಿ ಒಂದೇ ಮಾತು: ಈ ಸಲ ಎಲ್ಲಿಗೆ? ಊರಿನ ಪಯಣ ಬೇಸಗೆಗೆ ಮೀಸಲು. ಹೋಟೆಲಿಗೆ ಹೋದರೆ ಐದು ಜನಕ್ಕೆ ಎರಡು ಕೋಣೆ; ಎರಡು ರಾತ್ರಿಯಲ್ಲಿ ತಿಂಗಳ ಸಂಬಳದ ಒಂದು ಮೂಲೆ ಸವೆದುಹೋಗುತ್ತದೆ. ಆದ್ದರಿಂದಲೇ ಲೋಣಾವಳೆಯ ಬಳಿಯ ಪವನಾ ಜಲಾಶಯದಂತಹ ಕಡೆ ಡೇರೆ ಹಾಕಿ ಒಂದು ರಾತ್ರಿ ಕಳೆಯೋಣವೆಂಬ ಆಸೆ ನಮ್ಮಂತಹ ಗುಮಾಸ್ತರಿಗೂ ಹುಟ್ಟಿದೆ. ಆಸೆಯೇನೋ ಸರಿ, ಅದನ್ನು ಹೊರಬೇಕಾದದ್ದು ನಮ್ಮ ಪುಟ್ಟ ಕಾರು ತಾನೆ?

ಅಂಗಡಿಯಲ್ಲಿ ಮೊದಲು ಕೇಳುವುದು “ಎಷ್ಟು ಜನ?” ಎಂದು. “ಯಾವ ಕಾರು?” ಎಂದು ಕೇಳಿದವರನ್ನು ನಾವಿನ್ನೂ ಕಂಡಿಲ್ಲ. ಹಳೆಯ ಆಲ್ಟೋ 800ರ ಡಿಕ್ಕಿ 177 ಲೀಟರಿನದು; 2019ರಲ್ಲಿ ಬಂದ ವ್ಯಾಗನ್ ಆರ್ ಕಾರಿನದು 341 ಲೀಟರು. ಒಂದು ಇನ್ನೊಂದರ ಹೆಚ್ಚುಕಡಿಮೆ ಇಮ್ಮಡಿ. ಆದರೂ ಲೀಟರಿನ ಲೆಕ್ಕ ಹಾಲಿಗೆ ಒಪ್ಪುತ್ತದೆ, ಡೇರೆಗೆ ಸಾಲದು. ಬಟ್ಟೆಯನ್ನು ಹೇಗೂ ಅದುಮಬಹುದು, ಕಂಬದ ತುಂಡುಗಳನ್ನು ಅದುಮಲಾದೀತೇ? ಹಾಸಿಗೆ, ಒಲೆ, ನೀರಿನ ಕ್ಯಾನು, ಔಷಧಿಯ ಚೀಲ ಎಲ್ಲವನ್ನೂ ಡಿಕ್ಕಿಯಲ್ಲಿಟ್ಟು, ಉಳಿದ ಜಾಗದ ಉದ್ದಗಲವನ್ನು ಅಳತೆಪಟ್ಟಿಯಿಂದ ಅಳೆದು, ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವುದೇ ಸರಿಯಾದ ಕ್ರಮ.

ಎಸೆದರೆ ತಾನಾಗಿ ಬಿಚ್ಚಿಕೊಳ್ಳುವ ಡೇರೆಗೆ ಮಕ್ಕಳು ಮರುಳಾಗುತ್ತಾರೆ. ಮಡಿಸಿದಾಗ ಅದು ದೊಡ್ಡದೊಂದು ದುಂಡು ತಟ್ಟೆ; ಎಷ್ಟೋ ಡೇರೆಗಳದು ಮುಕ್ಕಾಲು ಮೀಟರಿನಷ್ಟು ಅಗಲ. ಚಿಕ್ಕ ಡಿಕ್ಕಿಯಲ್ಲಿ ಅದನ್ನಿಟ್ಟರೆ ಊಟದ ಬುತ್ತಿ ನಮ್ಮ ತೊಡೆಯ ಮೇಲೆ. ಕಾರಿನ ನೆತ್ತಿಯ ಮೇಲೆ ಬಿಚ್ಚುವ ಡೇರೆಗಳೂ ಬಂದಿವೆ. ಐವತ್ತು ಕಿಲೋ ತೂಗುವ ಅವು ಜೀಪುಗಳಿಗಿರಲಿ, ನಮಗೆ ಬೇಡ.

ಇನ್ನು ಜನಸಂಖ್ಯೆ. “ನಾಲ್ಕು ಜನರ ಡೇರೆ” ಎಂದರೆ ತಲೆಗೆ ಸುಮಾರು ಎರಡಡಿ ಅಗಲ. ಮನೆಯ ಆರಡಿ ಮಂಚದ ಮೇಲೆ ಮೂವರು ದೊಡ್ಡವರು ಮಲಗಿ ನೋಡಿದರೆ ಈ ಲೆಕ್ಕದ ಮರ್ಮ ತಿಳಿಯುತ್ತದೆ. ಒಬ್ಬರಿಗೆ ಹೆಚ್ಚಾಗಿಯೇ ಕೊಳ್ಳುವುದು ಮೇಲು.

ಆದರೆ ನಿಜವಾದ ತೊಡಕು ಎತ್ತರದ್ದು. ಸಣ್ಣ ಗುಮ್ಮಟದ ಡೇರೆ ನಡುವೆ ನಾಲ್ಕು, ನಾಲ್ಕೂವರೆ ಅಡಿ ಇರುತ್ತದೆ. ಒಳಗೆ ಹೋಗಬೇಕಾದರೆ ಮಂಡಿಯೂರಬೇಕು. ಮಂಡಿನೋವಿನ ಅಜ್ಜಿ ಅದನ್ನು ಕಂಡೊಡನೆ, “ನೀವು ಹೋಗಿ ಬನ್ನಿ, ನಾನು ಮನೆ ನೋಡಿಕೊಳ್ತೀನಿ” ಎಂದುಬಿಡುತ್ತಾರೆ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ, ಟಿವಿಯಲ್ಲಿ ಹಿಂದಿ ಕೇಳುವ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಕಥೆ ಹೇಳುವವರು ಆ ಅಜ್ಜಿ. ದೀಪವಿಲ್ಲದ, ಮೊಬೈಲು ಬದಿಗಿಟ್ಟ ರಾತ್ರಿಯೊಂದು ಸಿಕ್ಕುವಾಗ ಅವರೇ ಮನೆಯಲ್ಲಿ ಉಳಿದರೆ ಹೇಗೆ? ಡೇರೆ ಚಿಕ್ಕದಾದರೆ ಕಾರಿಗೆ ಸುಖ, ದೊಡ್ಡದಾದರೆ ಅಜ್ಜಿಗೆ ಸುಖ. ನಾವು ಅಜ್ಜಿಯ ಪಕ್ಷ.

ನಿಂತು ಸೀರೆ ಸರಿಪಡಿಸಿಕೊಳ್ಳುವಷ್ಟು, ಅಂದರೆ ಆರಡಿಯಷ್ಟು ಎತ್ತರದ ಡೇರೆಯ ಚೀಲ ಉದ್ದವಾಗಿಯೇ ಇರುತ್ತದೆ. ಆದರೆ ಅದನ್ನು ಆ ಚೀಲದಲ್ಲೇ ಒಯ್ಯಬೇಕೆಂದು ಯಾರೂ ಕಟ್ಟುಪಾಡು ಹಾಕಿಲ್ಲ. ಬಟ್ಟೆಯನ್ನು ಜಮಖಾನದಂತೆ ಮಡಿಸಿ ಹಿಂದಿನ ಸೀಟಿನಲ್ಲಿ ಮಕ್ಕಳ ಕಾಲಡಿಗೆ ಹಾಸಿದರೆ ಕಾಲು ಜೋಲಾಡುವ ತೊಂದರೆಯೂ ತಪ್ಪುತ್ತದೆ. ಗೂಟ, ಹಗ್ಗ ಡಿಕ್ಕಿಯ ಸಂದಿಗೆ. ಕಂಬದ ಕಟ್ಟು ಡಿಕ್ಕಿಯಲ್ಲಿ ಓರೆಯಾಗಿ ಹಿಡಿಯುವುದೇ ಎಂದು ಮಾತ್ರ ಕೊಳ್ಳುವ ಮೊದಲೇ ನೋಡಬೇಕು. ಹಿಂದಿನ ಗಾಜಿನಡಿಯ ಹಲಗೆಯ ಮೇಲಂತೂ ಕಂಬ ಇಡಕೂಡದು. ಬ್ರೇಕು ಒತ್ತಿದರೆ ನೇರ ತಲೆಗೇ ಬಂದೀತು.

ಬಟ್ಟೆಯ ಮೇಲೆ 1500, 2000 ಮಿಲಿಮೀಟರು ಎಂದು ಬರೆದಿರುತ್ತದೆ. ಅದು ಎಷ್ಟು ಎತ್ತರದ ನೀರಿನ ಭಾರವನ್ನು ಸೋರದೆ ತಡೆಯುತ್ತದೆ ಎಂಬ ಅಳತೆ. ಒಳಪದರ ಹೊರಪದರ ಬೇರೆಬೇರೆ ಇರುವುದನ್ನೇ ಆರಿಸಿ. ಐದು ಜನರ ಉಸಿರು ತಣ್ಣನೆಯ ಹೊರಬಟ್ಟೆಗೆ ತಾಗಿ ನೀರಾಗುತ್ತದೆ. ಒಂದೇ ಪದರವಾದರೆ ಅದು ಬೆಳಗಿನ ಜಾವ ಹೊದಿಕೆಯ ಮೇಲೆ ತೊಟ್ಟಿಕ್ಕುತ್ತದೆ.

ಚಳಿಯೆಂದು ಡೇರೆಯೊಳಗೆ ಅಗ್ಗಿಷ್ಟಿಕೆಯನ್ನಾಗಲಿ ಒಲೆಯನ್ನಾಗಲಿ ಹಚ್ಚಲೇಬೇಡಿ. ಇದ್ದಿಲಿನಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಇನ್ನೊಂದು ಕಂಬಳಿ ಒಯ್ಯಿರಿ.

ಹೊರಡುವ ಮುಂಚಿನ ಭಾನುವಾರ ಸೊಸೈಟಿಯ ಅಂಗಳದಲ್ಲಿ ಒಮ್ಮೆ ಡೇರೆ ಹಾಕಿ ನೋಡುವುದು ಒಳ್ಳೆಯದು. ವಾಚ್‌ಮನ್ನನಿಗೆ ಮೊದಲೇ ಹೇಳಿಡಿ. ಅಜ್ಜಿಯನ್ನು ಕೆಳಗೆ ಕರೆತಂದು, ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋಗಿ ಬರಬಲ್ಲರೇ ಎಂದು ನೋಡಿ. ಅಂಗಡಿಯ ರಸೀದಿಯನ್ನು ಅಲ್ಲಿಯವರೆಗೆ ಎಸೆಯಬೇಡಿ.