ಹಳೆಯ ಬಡಾವಣೆಗಳ ಚಹರೆ ಉಳಿಯುವುದು ಹೇಗೆ?

ಬೆಂಗಳೂರಿನ ಮಲ್ಲೇಶ್ವರ, ಸದಾಶಿವನಗರ, ಜಯನಗರಗಳಂತಹ ಹಳೆಯ ಬಡಾವಣೆಗಳಲ್ಲಿ ಬಂಗಲೆಯೊಂದು ನೆಲಸಮವಾಗಿ, ಅದೇ ನಿವೇಶನದಲ್ಲಿ ನಾಲ್ಕಂತಸ್ತಿನ ಕಟ್ಟಡ ಮೇಲೇಳುವುದು ಈಗ ಸಾಮಾನ್ಯ ದೃಶ್ಯ. ಕಾನೂನಿನ ದೃಷ್ಟಿಯಲ್ಲಿ ಅದು ದೋಷರಹಿತವಾಗಿರಬಹುದು. ಆದರೆ ಇಂಥ ಹತ್ತು ಕಟ್ಟಡಗಳು ಬಂದ ಮೇಲೆ ಆ ರಸ್ತೆ ಹಿಂದಿನ ರಸ್ತೆಯಾಗಿ ಉಳಿದಿರುವುದಿಲ್ಲ.

ಹಾಗಾದರೆ ಕಳೆದುಹೋದದ್ದು ಏನು? ಹೆಂಚಿನ ಮಾಡು, ಕಂಬಗಳ ಜಗಲಿ ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಈ ಬಡಾವಣೆಗಳ ಮನೆಗಳು ಎಂದೂ ಒಂದೇ ಶೈಲಿಯಲ್ಲಿ ಇರಲಿಲ್ಲ. ಅವುಗಳಿಗೆ ಸಮಾನವಾಗಿದ್ದುದು ಮನೆಗೂ ರಸ್ತೆಗೂ ನಡುವಿನ ಜಾಗ: ತೆರೆದ ಅಂಗಳ, ಎದೆಮಟ್ಟದ ಕಾಂಪೌಂಡು, ಅದರಾಚೆ ಚಾಚಿದ ಮಾವು ಸಂಪಿಗೆಗಳ ಕೊಂಬೆ. ಈ ಜಾಗದ ಒಡೆತನ ಖಾಸಗಿ, ಅದರ ನೆರಳು ಮಾತ್ರ ಎಲ್ಲರದು.

ಕಲ್ಪನೆಯ ಮೂಲ

ಇಂಥ ಜಾಗವನ್ನು ನಿಯಮದ ಮೂಲಕವೇ ಕಾಯ್ದುಕೊಂಡ ಪ್ರಸಿದ್ಧ ನಿದರ್ಶನ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಗಾರ್ಡನ್ ಸಬರ್ಬ್. ಹೆನ್ರಿಯೆಟಾ ಬಾರ್ನೆಟ್ ಅವರ ಪ್ರಯತ್ನದಿಂದ 1907ರಲ್ಲಿ ನಿರ್ಮಾಣ ಆರಂಭವಾಯಿತು. ರೇಮಂಡ್ ಅನ್ವಿನ್ ಅದರ ಯೋಜಕರು. ಎಕರೆಗೆ ಸರಾಸರಿ ಎಂಟು ಮನೆಗಳಿಗಿಂತ ಹೆಚ್ಚಿರಬಾರದು, ಮನೆಗಳ ನಡುವೆ ಗೋಡೆಯ ಬದಲು ಹಸಿರು ಬೇಲಿ ಇರಬೇಕು ಎಂಬುದು ಅಲ್ಲಿನ ತತ್ವ. ಮನೆಯ ಹೊರರೂಪ ಬದಲಿಸಲು ಇಂದಿಗೂ ಅಲ್ಲಿನ ಟ್ರಸ್ಟಿನ ಒಪ್ಪಿಗೆ ಅಗತ್ಯ.

ಕರ್ನಾಟಕದ ಹಿನ್ನೆಲೆ ಬೇರೆ. 1898ರ ಪ್ಲೇಗ್ ಬೆಂಗಳೂರಿನ ಇಕ್ಕಟ್ಟಾದ ಪೇಟೆಯನ್ನು ತಲ್ಲಣಗೊಳಿಸಿದ ನಂತರ ಮಲ್ಲೇಶ್ವರ, ಬಸವನಗುಡಿಗಳ ಬೆಳವಣಿಗೆಗೆ ವೇಗ ಬಂತು. ಅಗಲ ರಸ್ತೆ, ಗಾಳಿ ಬೆಳಕು, ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿ ಇವೆಲ್ಲ ಆರೋಗ್ಯದ ಕ್ರಮಗಳಾಗಿದ್ದವು. ಅಂದಿನ ಅಗತ್ಯ ಇಂದಿನ ಸೊಬಗಾಗಿದೆ.

ನ್ಯಾಯಾಲಯದ ಮೆಟ್ಟಿಲು

ಈ ಗುಣವನ್ನು ಉಳಿಸಿಕೊಳ್ಳಲು ನಿವಾಸಿಗಳು ನ್ಯಾಯಾಲಯದ ಮೊರೆ ಹೋದದ್ದೂ ಉಂಟು. ಸ್ಯಾಂಕಿ ಕೆರೆಯ ಸಮೀಪ, ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಮಂಜೂರು ಮಾಡಲಾಗಿತ್ತು. ನಿವಾಸಿಗಳು ಪ್ರಶ್ನಿಸಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. ಉದ್ಯಾನದ ಜಾಗ ಇಡೀ ಜನಸಮುದಾಯದ ಹಿತಕ್ಕೆ ಸೇರಿದ್ದು ಎಂಬ ಈ ತೀರ್ಪನ್ನು ದೇಶದಾದ್ಯಂತ ಉದ್ಯಾನ, ಆಟದ ಮೈದಾನಗಳ ವ್ಯಾಜ್ಯಗಳಲ್ಲಿ ಉಲ್ಲೇಖಿಸಲಾಗುತ್ತದೆ.

2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ ವಸತಿ ಪ್ರದೇಶಗಳಲ್ಲಿ ಮಿಶ್ರ ಬಳಕೆಗೆ ಅವಕಾಶ ನೀಡಿದಾಗಲೂ ನಿವಾಸಿಗಳ ಸಂಘಗಳು ತೀವ್ರವಾಗಿ ವಿರೋಧಿಸಿದವು.

2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಚಂಡೀಗಢದ ಕುರಿತು ಮಹತ್ವದ ತೀರ್ಪು ನೀಡಿತು. ಲೆ ಕಾರ್ಬುಸಿಯೆ ಯೋಜಿಸಿದ ನಗರದ ಮೊದಲ ಹಂತದ ಸೆಕ್ಟರ್‌ಗಳಲ್ಲಿ ಒಂಟಿ ಮನೆಗಳನ್ನು ಅಂತಸ್ತುಗಳಾಗಿ ವಿಂಗಡಿಸಿ ಅಪಾರ್ಟ್‌ಮೆಂಟ್‌ಗಳನ್ನಾಗಿಸುವುದಕ್ಕೆ ಅದು ತಡೆ ಹಾಕಿತು. ಯೋಜನೆಯಿಲ್ಲದ ಬೆಳವಣಿಗೆಯ ಎಚ್ಚರಿಕೆಯಾಗಿ ನ್ಯಾಯಪೀಠ ಉದಾಹರಿಸಿದ್ದು ಬೆಂಗಳೂರನ್ನು.

ನಿಯಮ ಅಳೆಯದ ಸಂಗತಿ

ಆದರೆ ಎಲ್ಲ ಬಡಾವಣೆಗಳಿಗೂ ಪರಂಪರೆಯ ಮಾನ್ಯತೆ ಸಿಗದು. ಬದಲಾವಣೆಯನ್ನು ಪೂರ್ತಿ ತಡೆಯುವುದೂ ಸಾಧ್ಯವಿಲ್ಲ. ಇಲ್ಲಿ ನೆರವಾಗುವುದು ವಿನ್ಯಾಸ. ಎಫ್‌ಎಆರ್ ಎಂದು ಕರೆಯಲಾಗುವ ನೆಲ-ಕಟ್ಟಡ ಅನುಪಾತ 2 ಎಂದಿಟ್ಟುಕೊಳ್ಳೋಣ. 4,000 ಚದರಡಿಯ ನಿವೇಶನದಲ್ಲಿ ಆಗ 8,000 ಚದರಡಿ ಕಟ್ಟಬಹುದು. ಅರ್ಧ ನೆಲದ ಮೇಲೆ ನಾಲ್ಕು ಅಂತಸ್ತು ಕಟ್ಟಿದರೆ 2,000 ಚದರಡಿ ತೆರೆದೇ ಇರುತ್ತದೆ. ಆ ತೆರೆದ ಜಾಗ ಎಲ್ಲಿರಬೇಕು, ಹೇಗಿರಬೇಕು ಎಂಬುದೇ ಮುಖ್ಯ. ಅದನ್ನು ನಾಲ್ಕು ಬದಿಗೂ ಹಂಚಿ ಕಾಂಕ್ರೀಟು ಹೊದಿಸಿದರೆ ಕಾರುಗಳ ನಿಲ್ದಾಣವಾಗುತ್ತದೆ. ಹೆಚ್ಚಿನ ಭಾಗವನ್ನು ಮುಂಭಾಗದಲ್ಲಿ ಮಣ್ಣಿನ ನೆಲವಾಗಿಯೇ ಬಿಟ್ಟರೆ ಹಳೆಯ ಮರ ಬದುಕುತ್ತದೆ, ಮಳೆನೀರು ಇಂಗುತ್ತದೆ.

ಉಳಿದ ಸೂತ್ರಗಳೂ ಸರಳ. ವಾಹನಕ್ಕೆ ಒಂದೇ ಕಿರಿದಾದ ದ್ವಾರ ಸಾಕು; ಇಡೀ ಮುಂಭಾಗ ಗೇಟಾಗಬೇಕಿಲ್ಲ. ಕಾಂಪೌಂಡಿನ ಎತ್ತರಕ್ಕೆ ಮಿತಿ ಬೇಕು. ಮೇಲಿನ ಅಂತಸ್ತುಗಳನ್ನು ತುಸು ಹಿಂದಕ್ಕೆ ಸರಿಸಿದರೆ ಪಕ್ಕದ ಮನೆಯ ಬೆಳಕು ಉಳಿಯುತ್ತದೆ. ರಸ್ತೆಗೆ ಮುಖ ಮಾಡಿದ ಕಿಟಕಿಗಳಿದ್ದರೆ ಬೀದಿಯ ಮೇಲೆ ಮನೆಯವರ ಕಣ್ಣಿರುತ್ತದೆ. ಚಂಡೀಗಢದಲ್ಲಿ ಕಾಂಪೌಂಡು, ಗೇಟುಗಳ ವಿನ್ಯಾಸಕ್ಕೂ ನಿಯಮಗಳನ್ನು ರೂಪಿಸಲಾಗಿತ್ತು.

ಯಾರಿಗಾಗಿ ಈ ರಕ್ಷಣೆ?

ಒಂದು ಆಕ್ಷೇಪವನ್ನು ಮಾತ್ರ ಕಡೆಗಣಿಸಲಾಗದು. ಚಹರೆಯ ರಕ್ಷಣೆ ಎಂಬುದು ಸ್ಥಿತಿವಂತರು ಹೊಸಬರನ್ನು ದೂರವಿಡುವ ಉಪಾಯವೂ ಆಗಬಲ್ಲದು. ಹ್ಯಾಂಪ್‌ಸ್ಟೆಡ್ ಇದಕ್ಕೆ ಸಾಕ್ಷಿ. ಎಲ್ಲ ವರ್ಗದವರೂ ಒಟ್ಟಾಗಿ ಬಾಳಬೇಕೆಂದು ಬಾರ್ನೆಟ್ ಕಟ್ಟಿಸಿದ ಆ ಉಪನಗರ ಇಂದು ಲಂಡನ್ನಿನ ಸಿರಿವಂತ ಬಡಾವಣೆಗಳಲ್ಲೊಂದು. ರೂಪ ಉಳಿಯಿತು, ಆಶಯ ಉಳಿಯಲಿಲ್ಲ. ಆದ್ದರಿಂದ ನಿಯಮ ಕುಟುಂಬಗಳ ಸಂಖ್ಯೆಗಿಂತ ಕಟ್ಟಡದ ವರ್ತನೆಯನ್ನು ನಿಯಂತ್ರಿಸುವುದು ಹೆಚ್ಚು ನ್ಯಾಯಸಮ್ಮತ. ಮರ ಉಳಿಸಿಕೊಂಡು ನಾಲ್ಕು ಸಂಸಾರಗಳಿಗೆ ನೆಲೆಯಾಗುವ ಮನೆ, ಮರ ಕಡಿದು ಕೋಟೆಯಂತೆ ನಿಂತ ಒಂಟಿ ಬಂಗಲೆಗಿಂತ ಬಡಾವಣೆಗೆ ಹೆಚ್ಚು ಹಿತಕರ.

ಈ ಚರ್ಚೆ ರಾಜಧಾನಿಗೆ ಮಾತ್ರ ಸೀಮಿತವಲ್ಲ. ಬೆಳಗಾವಿ ಜಿಲ್ಲೆಯ ಅಥಣಿ, ಚಿಕ್ಕೋಡಿ, ನಿಪ್ಪಾಣಿಗಳಲ್ಲಿ ‘ಎನ್.ಎ. ಪ್ಲಾಟ್’ ಎಂಬುದು ಮನೆಮಾತು; ಐಗಳಿಯಂತಹ ಹಳ್ಳಿಗಳಿಗೂ ಆ ಮಾತು ಅಪರಿಚಿತವಲ್ಲ. ಹೊಲವೊಂದು ಬಡಾವಣೆಯಾಗುವಾಗ ನಕ್ಷೆಯಲ್ಲಿ ಉದ್ಯಾನದ ಗುರುತು ಇರುತ್ತದೆ. ಅಂಗಳ ಎಷ್ಟಿರಬೇಕು, ಕಾಂಪೌಂಡು ಎಷ್ಟು ಎತ್ತರವಿರಬೇಕು, ಯಾವ ಮರ ಉಳಿಯಬೇಕು ಎಂಬುದನ್ನೂ ಆಗಲೇ ಬರೆದಿಟ್ಟರೆ ಖರ್ಚು ಅತ್ಯಲ್ಪ. ಮನೆಗಳು ಎದ್ದ ಮೇಲೆ ಅದೇ ಕೆಲಸಕ್ಕೆ ನ್ಯಾಯಾಲಯದ ಮೆಟ್ಟಿಲೇರಬೇಕಾಗುತ್ತದೆ.