ವಿದ್ಯಾರ್ಥಿಯ ಸಂಶೋಧನೆಯೂ ವಿದ್ವತ್ಸಭೆಯೂ

ಸ್ಪೆಕ್ಟ್ರೊಮೀಟರನ್ನು ಮುಂದಿಟ್ಟುಕೊಂಡು ಪ್ರಿಸಮ್ಮಿನ ಕೋನವನ್ನು ಅಳೆಯುವುದು ಭೌತವಿಜ್ಞಾನದ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದ ಪ್ರಯೋಗ. ಕೋನವು 60 ಡಿಗ್ರಿಗೆ ಸಮೀಪವಾಗಿ ಬಂದಿತೆಂದರೆ ನಮಗೆ ಸಮಾಧಾನ. ರೆಕಾರ್ಡು ಪುಸ್ತಕದಲ್ಲಿ ಅದನ್ನು ಬರೆದು, ಉಪಾಧ್ಯಾಯರ ಸಹಿ ಪಡೆದು ಮನೆಗೆ ಹೊರಡುತ್ತೇವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇದೇ ಪ್ರಯೋಗವನ್ನು ಮಾಡುತ್ತಿದ್ದ ತರುಣರೊಬ್ಬರು ಅಷ್ಟರಿಂದಲೇ ತೃಪ್ತರಾಗಲಿಲ್ಲ. ಅವರೇ ಚಂದ್ರಶೇಖರ ವೆಂಕಟರಾಮನ್.

ಅವರು ಕಂಡದ್ದೇನು? ಬೆಳಕು ಪ್ರಿಸಮ್ಮಿನ ಮುಖವನ್ನು ಬಹಳ ಓರೆಯಾಗಿ ತಾಗಿ ಪ್ರತಿಫಲಿಸಿದಾಗ, ಆ ಮುಖವೇ ಒಂದು ಕಿರಿದಾದ ಆಯತಾಕಾರದ ಕಿಂಡಿಯಂತೆ ವರ್ತಿಸುತ್ತದೆ. ಕಿಂಡಿಯನ್ನು ಹಾಯ್ದ ಬೆಳಕು ವಿವರ್ತನೆ ಹೊಂದಿ, ನಡುವಣ ಉಜ್ವಲವಾದ ಪಟ್ಟಿಯ ಎರಡು ಪಕ್ಕಗಳಲ್ಲಿಯೂ ಮಸುಕಾದ ಪಟ್ಟಿಗಳನ್ನು ಮೂಡಿಸುವುದು ಆಗಲೇ ತಿಳಿದಿದ್ದ ಸಂಗತಿ. ಬೆಳಕು ನೇರವಾಗಿ ಬಿದ್ದರೆ ಎಡಬಲದ ಪಟ್ಟಿಗಳು ಸಮವಾಗಿರುತ್ತವೆ. ಇಲ್ಲಿಯಾದರೋ ಅವು ಸಮವಾಗಿರಲಿಲ್ಲ. ಪ್ರಿಸಮ್ಮಿನ ಮುಖದ ಕಡೆಗಿರುವ ಪಟ್ಟಿಗಳು ಅಗಲ, ಆಚೆಯವು ಕಿರಿದು. ಪಟ್ಟಿಗಳ ಸ್ಥಾನವನ್ನು ನಿರ್ಧರಿಸುವುದು ಕೋನವಲ್ಲ, ಕೋನದ ಸೈನ್. ಕೋನವು 90 ಡಿಗ್ರಿಯನ್ನು ಸಮೀಪಿಸಿದಂತೆಲ್ಲ ಸೈನಿನ ಬೆಲೆ ನಿಧಾನವಾಗಿ ಏರುತ್ತದೆ. ಆದುದರಿಂದ ಆ ಕಡೆಯಲ್ಲಿ ಒಂದೊಂದು ಪಟ್ಟಿಗೂ ಹೆಚ್ಚು ಸ್ಥಳ ಬೇಕಾಗುತ್ತದೆ.

ಇದು ಲೋಕವನ್ನೇ ಬೆರಗುಗೊಳಿಸುವ ಶೋಧವಲ್ಲ. ಆದರೆ ರಾಮನ್ ಅವರು ಅದನ್ನು ರೆಕಾರ್ಡು ಪುಸ್ತಕದಲ್ಲಿಯೇ ಹುದುಗಿಸಿಡಲಿಲ್ಲ. ಅಚ್ಚುಕಟ್ಟಾಗಿ ಬರೆದು ಲಂಡನ್ನಿನ ‘ಫಿಲಸಾಫಿಕಲ್ ಮ್ಯಾಗಜೀನ್’ ಪತ್ರಿಕೆಗೆ ಕಳುಹಿಸಿದರು. 1906ರ ನವೆಂಬರಿನಲ್ಲಿ ಅದು ಪ್ರಕಟವಾಯಿತು. ಅದೇ ತಿಂಗಳು ಅವರಿಗೆ 18 ವರ್ಷ ತುಂಬಿತು. ಆಗ ಅವರು ಎಂ.ಎ. ತರಗತಿಯಲ್ಲಿದ್ದರೂ ವಯಸ್ಸಿನಲ್ಲಿ ಇಂದಿನ ಬಿ.ಎಸ್‌ಸಿ. ವಿದ್ಯಾರ್ಥಿಗಿಂತ ಹಿರಿಯರೇನೂ ಅಲ್ಲ. ಅವರ ಅಣ್ಣನ ಮಗ ಎಸ್. ಚಂದ್ರಶೇಖರ್ ಅವರು ಅದೇ ಕಾಲೇಜಿನಲ್ಲಿ ಬಿ.ಎಸ್‌ಸಿ. ಆನರ್ಸ್ ಓದುತ್ತಿದ್ದಾಗಲೇ ಬರೆದ ಪ್ರಬಂಧವು ಕೇಂಬ್ರಿಜ್‌ನ ರಾಲ್ಫ್ ಫೌಲರ್ ಅವರ ಮೂಲಕ 1929ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಮರುವರ್ಷ ಅವರು ಅದೇ ಫೌಲರ್ ಅವರ ಬಳಿ ವ್ಯಾಸಂಗಕ್ಕೆ ತೆರಳಿದರು.

ಕಂಡದ್ದನ್ನು ಇತರರ ಮುಂದಿಡುವುದು ಕೀರ್ತಿಗಾಗಿ ಮಾತ್ರವೆಂದು ವಾಚಕರು ಭಾವಿಸಬಾರದು. ನಮ್ಮ ಕಣ್ಣಿಗೆ ಕಂಡದ್ದು ನಿಜವೋ, ಉಪಕರಣದ ದೋಷವೋ, ಮನಸ್ಸಿನ ಆಸೆಯೋ ಎಂಬುದನ್ನು ನಾವೊಬ್ಬರೇ ನಿರ್ಣಯಿಸಲಾರೆವು. ಇನ್ನೊಬ್ಬರು ಪ್ರಶ್ನಿಸಬೇಕು, ಬೇಕಾದರೆ ಪ್ರಯೋಗವನ್ನು ತಾವೇ ಮಾಡಿ ನೋಡಬೇಕು. ಈ ಪರೀಕ್ಷೆಗೆ ಒಡ್ಡದೆ ಇಟ್ಟ ಫಲಿತಾಂಶ ಅರ್ಧ ಸಂಶೋಧನೆಯೇ ಸರಿ.

ಅಂದು ವಿದ್ಯಾರ್ಥಿಗೆ ದೂರದ ಪತ್ರಿಕೆಗೆ ಅಂಚೆ ಹಾಕುವುದೇ ದಾರಿಯಾಗಿದ್ದರೆ, ಇಂದು ಅನೇಕ ದಾರಿಗಳಿವೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977-78ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಯೋಜನೆಗಳಿಗೆ ಧನಸಹಾಯವಿತ್ತು, ಆಯ್ದವನ್ನು ರಾಜ್ಯಮಟ್ಟದ ವಿಚಾರಗೋಷ್ಠಿ ಹಾಗೂ ಪ್ರದರ್ಶನದಲ್ಲಿ ಮಂಡಿಸಲು ಅವಕಾಶ ಕಲ್ಪಿಸುತ್ತ ಬಂದಿದೆ. 1934ರಲ್ಲಿ ರಾಮನ್ ಅವರೇ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು, ದೆಹಲಿ ಮತ್ತು ಪ್ರಯಾಗರಾಜದ ಅಕಾಡೆಮಿಗಳೊಡನೆ ಕೂಡಿ, ಬೇಸಗೆಯ ಸಂಶೋಧನಾ ವೇತನವನ್ನು ನೀಡುತ್ತದೆ. ಆಯ್ಕೆಯಾದವರು ಎರಡು ತಿಂಗಳು ಅನುಭವಿ ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡಿ, ಕೊನೆಯಲ್ಲಿ ವರದಿಯನ್ನು ಒಪ್ಪಿಸಬೇಕು. ಅಮೆರಿಕದಲ್ಲಿಯಾದರೋ ಪದವಿ ವಿದ್ಯಾರ್ಥಿಗಳದೇ ಆದ ರಾಷ್ಟ್ರೀಯ ಸಮ್ಮೇಳನವೊಂದು 1987ರಲ್ಲಿ ಉತ್ತರ ಕೆರೊಲೈನಾದ ಆಶ್‌ವಿಲ್‌ನಲ್ಲಿ ಆರಂಭವಾಯಿತು. ಬ್ರಿಟನ್ನಿನಲ್ಲಿ ಅಂಥದೇ ಸಮ್ಮೇಳನ 2011ರಲ್ಲಿ ಮೊದಲಾಯಿತು. ಇವುಗಳಲ್ಲಿ ವಿಜ್ಞಾನವಲ್ಲದೆ ಸಾಹಿತ್ಯ, ಇತಿಹಾಸ, ಕಲೆಗಳ ವಿದ್ಯಾರ್ಥಿಗಳೂ ಭಾಗವಹಿಸುತ್ತಾರೆ.

ಮಂಡನೆಯ ಬಗೆ ಸಾಮಾನ್ಯವಾಗಿ ಎರಡು. ಒಂದು, ಹತ್ತು ಹದಿನೈದು ನಿಮಿಷಗಳ ಭಾಷಣ, ಇನ್ನೊಂದು, ಭಿತ್ತಿಪತ್ರ. ಎರಡಕ್ಕೂ ಮುನ್ನ ಕೆಲಸದ ಸಾರಾಂಶವನ್ನು ಒಂದೆರಡು ನೂರು ಮಾತುಗಳಲ್ಲಿ ಬರೆದು ಕಳುಹಿಸಬೇಕು. ಯಾವ ಪ್ರಶ್ನೆಯನ್ನು ಕೈಗೊಂಡೆವು, ಹೇಗೆ ಪರೀಕ್ಷಿಸಿದೆವು, ಏನು ದೊರೆಯಿತು, ಅದರ ಅರ್ಥವೇನು ಎಂಬ ನಾಲ್ಕು ಸಂಗತಿಗಳು ಅದರಲ್ಲಿದ್ದರೆ ಸಾಕು. ಭಿತ್ತಿಪತ್ರವೆಂದರೆ ಆಳೆತ್ತರದ ಪ್ರಬಂಧವಲ್ಲ. ನಾಲ್ಕಡಿ ದೂರದಲ್ಲಿ ನಿಂತವನಿಗೆ ಓದಲು ಬರುವ ಅಕ್ಷರ, ಒಂದೆರಡು ಸ್ಪಷ್ಟವಾದ ನಕ್ಷೆಗಳು, ಪಕ್ಕದಲ್ಲಿ ವಿವರಿಸಲು ಸಿದ್ಧನಾದ ವಿದ್ಯಾರ್ಥಿ, ಇವಿಷ್ಟೇ ಅದರ ಬಲ. ನಾಚಿಕೆಯ ಸ್ವಭಾವದವರಿಗೆ ವೇದಿಕೆಗಿಂತ ಇದೇ ಮೇಲು. ಇಲ್ಲಿ ಒಬ್ಬೊಬ್ಬರೊಡನೆ ಮಾತನಾಡಬಹುದು.

ಪ್ರಶ್ನೆಗಳ ಭಯ ಎಲ್ಲರಿಗೂ ಉಂಟು. ಆದರೆ “ಇದನ್ನು ನಾವು ಅಳೆದು ನೋಡಿಲ್ಲ” ಎಂಬ ಉತ್ತರ ಅವಮಾನಕರವಲ್ಲ. ಬರಬೇಕೆಂದುಕೊಂಡ ಅಂಕಿಗೆ ಹೊಂದುವಂತೆ ಅಳತೆಯನ್ನು ತಿದ್ದುವುದೇ ಅವಮಾನಕರ. ಜೊತೆಗೆ ದುಡಿದವರ ಹೆಸರನ್ನೂ ಉಪಕರಣ ಒದಗಿಸಿದವರ ನೆರವನ್ನೂ ಮರೆಯದೆ ಹೇಳಬೇಕು.

ಇನ್ನೊಂದು ಎಚ್ಚರಿಕೆಯ ಮಾತು. ಶುಲ್ಕ ತೆತ್ತವರ ಬರಹವನ್ನೆಲ್ಲ ಪರಿಶೀಲನೆಯೇ ಇಲ್ಲದೆ ಸ್ವೀಕರಿಸುವ ಸಮ್ಮೇಳನಗಳೂ ಪತ್ರಿಕೆಗಳೂ ಇಂದು ಹೇರಳವಾಗಿವೆ. ಅಲ್ಲಿ ದೊರೆಯುವುದು ಪ್ರಮಾಣಪತ್ರ, ದೊರೆಯದಿರುವುದು ಪ್ರಶ್ನೆ. ಪ್ರಶ್ನೆಗಾಗಿಯೇ ಸಭೆಗೆ ಹೋಗುವವರಿಗೆ ಅದರಿಂದ ಪ್ರಯೋಜನವೇನು? ಸಾರಾಂಶವನ್ನು ಯಾರು ಪರಿಶೀಲಿಸುತ್ತಾರೆಂಬುದನ್ನು ವಿಚಾರಿಸಿ, ಉಪಾಧ್ಯಾಯರನ್ನು ಕೇಳಿ ಮುಂದುವರಿಯುವುದು ಲೇಸು.

ದೊಡ್ಡ ಸಭೆಗೆ ಕಾಯಬೇಕಾಗಿಯೂ ಇಲ್ಲ. ಕಾಲೇಜಿನ ವಿಜ್ಞಾನ ಸಂಘದಲ್ಲಿ ಹತ್ತು ಮಂದಿ ಸಹಪಾಠಿಗಳ ಮುಂದೆ, ಊರಿನ ಕೆರೆಯ ನೀರಿನ ವಿಷಯವನ್ನೋ ಹಿತ್ತಲಿನ ಇರುವೆಯ ವಿಷಯವನ್ನೋ ನಾವೇ ಅಳೆದು, ಎಣಿಸಿ, ಹೇಳಬಹುದು. ಮುಂದಿನ ಸಲ ಪ್ರಿಸಮ್ಮಿನ ಕೋನ ಸರಿಯಾಗಿ ಬಂದ ಕೂಡಲೆ ದೀಪವನ್ನು ಆರಿಸದೆ, ದೂರದರ್ಶಕದಲ್ಲಿ ಇನ್ನೊಮ್ಮೆ ಕಣ್ಣಿಟ್ಟು ನೋಡೋಣ. ಪುಸ್ತಕದಲ್ಲಿಲ್ಲದ ಏನಾದರೂ ಕಂಡರೆ, ಅದನ್ನು ಯಾರಿಗಾದರೂ ಹೇಳೋಣ.