ಎರೆನಾಡಿನ ಗಾಡಿಗಳ ಹಿಂಬದಿ ಆಕ್ಸಲ್ ಮತ್ತು ಅದರ ಎಣ್ಣೆ

ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಬಾಗಲವಾಡದಂಥ ಊರುಗಳಿಗೆ ದಶಕಗಳಿಂದ ಸೇವೆ ಸಲ್ಲಿಸುತ್ತ ಬಂದಿರುವ ಜೀಪು, ಟಾಟಾ ಸುಮೊ, ಬೊಲೆರೊ, ಮಾರುತಿ ಓಮ್ನಿ ಮತ್ತು ಈಗ ಅಪರೂಪವಾಗಿರುವ ಅಂಬಾಸಡರ್ ವಾಹನಗಳು ನೋಟಕ್ಕೆ ಎಷ್ಟೇ ಬೇರೆಯಾಗಿದ್ದರೂ ಅವುಗಳ ರಚನೆಯಲ್ಲಿ ಒಂದು ಸಮಾನ ಅಂಶವಿದೆ. ಇವೆಲ್ಲವುಗಳಲ್ಲಿ ಎಂಜಿನ್ನಿನ ಶಕ್ತಿಯು ಗಾಡಿಯ ಅಡಿಯಲ್ಲಿ ಉದ್ದಕ್ಕೆ ಹಾಯ್ದಿರುವ ಪ್ರೊಪೆಲರ್ ಶಾಫ್ಟ್ ಎಂಬ ಕೊಳವೆಯ ಮೂಲಕ ಹಿಂದಿನ ಆಕ್ಸಲ್‌ಗೆ ತಲುಪುತ್ತದೆ, ಮತ್ತು ಆ ಆಕ್ಸಲ್‌ನ ನಡುಭಾಗದಲ್ಲಿ ಉಬ್ಬಿಕೊಂಡಿರುವ ಕಬ್ಬಿಣದ ಕವಚದೊಳಗೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯೊಂದು ಎಣ್ಣೆಯಲ್ಲಿ ಅರ್ಧ ಮುಳುಗಿ ಕೆಲಸ ಮಾಡುತ್ತದೆ. ಎಂಜಿನ್ ಆಯಿಲನ್ನು ಕಾಲಕಾಲಕ್ಕೆ ಬದಲಿಸುವ ಮಾಲೀಕರಲ್ಲಿಯೂ ಈ ಎಣ್ಣೆಯನ್ನು ನೆನಪಿಟ್ಟುಕೊಳ್ಳುವವರು ಕಡಿಮೆ; ಏಕೆಂದರೆ ಅದು ಉರಿದು ಕಡಿಮೆಯಾಗುವುದಿಲ್ಲ, ಅದರ ಮಟ್ಟವನ್ನು ತೋರಿಸುವ ದೀಪವೂ ಡ್ಯಾಶ್‌ಬೋರ್ಡಿನಲ್ಲಿ ಇರುವುದಿಲ್ಲ. ಆದರೆ ಎರೆಮಣ್ಣು, ಕಾಲುವೆ ನೀರು ಮತ್ತು ನಲವತ್ತು ಡಿಗ್ರಿ ದಾಟುವ ಬೇಸಿಗೆ ಒಂದೇ ಕಡೆ ಕೂಡಿರುವ ಈ ಪ್ರದೇಶದಲ್ಲಿ ಅತಿ ಹೆಚ್ಚು ಪರೀಕ್ಷೆಗೊಳಗಾಗುವುದು ಈ ಮರೆತ ಎಣ್ಣೆಯೇ.

ಡಿಫರೆನ್ಷಿಯಲ್‌ನ ಅಗತ್ಯವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಬದಿಯ ಗಾಲಿ ದೊಡ್ಡ ವೃತ್ತದ ಮೇಲೆಯೂ ಒಳಬದಿಯ ಗಾಲಿ ಚಿಕ್ಕ ವೃತ್ತದ ಮೇಲೆಯೂ ಉರುಳುತ್ತದೆ. ಎರಡು ಗಾಲಿಗಳ ನಡುವಿನ ಅಂತರ 1.3 ಮೀಟರ್ ಇದ್ದರೆ, ಕಾಲು ಸುತ್ತಿನ ಒಂದು ತಿರುವಿನಲ್ಲಿ ಹೊರಗಾಲಿಯು ಒಳಗಾಲಿಗಿಂತ ಸುಮಾರು 2 ಮೀಟರ್ ಹೆಚ್ಚು ದೂರ ಸಾಗಬೇಕಾಗುತ್ತದೆ, ಮತ್ತು ತಿರುವು ಕಿರಿದಾಗಿರಲಿ ವಿಶಾಲವಾಗಿರಲಿ ಈ ವ್ಯತ್ಯಾಸ ಮಾತ್ರ ಬದಲಾಗುವುದಿಲ್ಲ. ಎರಡೂ ಗಾಲಿಗಳನ್ನು ಒಂದೇ ಗಟ್ಟಿ ಸರಳಿಗೆ ಬಿಗಿದರೆ ಅವುಗಳಲ್ಲೊಂದು ಪ್ರತಿ ತಿರುವಿನಲ್ಲಿಯೂ ನೆಲಕ್ಕೆ ಉಜ್ಜಿಕೊಂಡು ಜಾರಲೇಬೇಕು. ಟೈರು ಸವೆಯುತ್ತದೆ, ಸರಳು ತಿರುಚಿಕೊಳ್ಳುತ್ತದೆ. ಎತ್ತಿನ ಬಂಡಿಗೆ ಈ ತೊಂದರೆಯಿಲ್ಲ, ಏಕೆಂದರೆ ಅದರ ಗಾಲಿಗಳು ನಿಂತ ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಾವು ತಿರುಗುತ್ತವೆ. ಯಂತ್ರವೇ ಗಾಲಿಗಳನ್ನು ತಿರುಗಿಸಬೇಕಾದಾಗ ಮಾತ್ರ ಈ ಪ್ರಶ್ನೆ ಹುಟ್ಟುತ್ತದೆ, ಮತ್ತು ಇದಕ್ಕೆ ಉತ್ತರವನ್ನು 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬ ಯಂತ್ರತಜ್ಞನು ಉಗಿಬಂಡಿಗಾಗಿ ರೂಪಿಸಿದ್ದನು.

ಅವನ ಉಪಾಯವು ಮೂಲದಲ್ಲಿ ಇಂದಿಗೂ ಹಾಗೆಯೇ ಉಳಿದಿದೆ. ಪ್ರೊಪೆಲರ್ ಶಾಫ್ಟಿನ ತುದಿಯಲ್ಲಿರುವ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವು ಕ್ರೌನ್ ವೀಲ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಮೆಕ್ಯಾನಿಕ್‌ಗಳು ಈ ಜೋಡಿಯನ್ನು ಒಟ್ಟಾಗಿ ಕ್ರೌನ್ ಪಿನಿಯನ್ ಎನ್ನುತ್ತಾರೆ. ಕ್ರೌನ್ ವೀಲ್‌ಗೆ ಬಿಗಿದಿರುವ ಗೂಡಿನೊಳಗೆ ಒಂದು ಅಡ್ಡ ಪಿನ್ನಿದ್ದು, ಆ ಪಿನ್ನಿನ ಮೇಲೆ ಎರಡು ಅಥವಾ ನಾಲ್ಕು ಪುಟ್ಟ ಹಲ್ಲುಚಕ್ರಗಳು ಬಿಡಿಯಾಗಿ ಕುಳಿತಿರುತ್ತವೆ ಮತ್ತು ಅವು ಎಡ-ಬಲದ ಆಕ್ಸಲ್ ಸರಳುಗಳ ತುದಿಯ ಹಲ್ಲುಚಕ್ರಗಳೊಂದಿಗೆ ಕೂಡಿಕೊಂಡಿರುತ್ತವೆ. ಗಾಡಿ ನೇರವಾಗಿ ಹೋಗುವಾಗ ಪುಟ್ಟ ಚಕ್ರಗಳು ತಮ್ಮ ಪಿನ್ನಿನ ಮೇಲೆ ಅಲುಗದೆ ಇಡೀ ಗೂಡಿನೊಂದಿಗೆ ಸುತ್ತುತ್ತವೆ. ತಿರುವು ಬಂದೊಡನೆ ಅವು ತಾವೂ ಉರುಳತೊಡಗಿ ಒಂದು ಬದಿಯಲ್ಲಿ ಕಳೆದಷ್ಟು ವೇಗವನ್ನು ಇನ್ನೊಂದು ಬದಿಗೆ ಸೇರಿಸುತ್ತವೆ. ಹೀಗಾಗಿ ಎರಡು ಗಾಲಿಗಳ ವೇಗದ ಸರಾಸರಿಯು ಯಾವಾಗಲೂ ಕ್ರೌನ್ ವೀಲ್‌ನ ವೇಗಕ್ಕೆ ಸಮನಾಗಿರುತ್ತದೆ.

ಈ ನಿಯಮವೇ ಮಳೆಗಾಲದ ಎರೆಹೊಲದಲ್ಲಿ ಚಾಲಕನನ್ನು ಕಾಡುವುದು. ಡಿಫರೆನ್ಷಿಯಲ್ ಎರಡೂ ಬದಿಗೆ ಸಮನಾದ ತಿರುಚುಬಲವನ್ನಷ್ಟೇ ಕೊಡಬಲ್ಲದು. ಒಂದು ಗಾಲಿ ಅಂಟುಕೆಸರಿನಲ್ಲಿ ಹಿಡಿತ ಕಳೆದುಕೊಂಡರೆ ಅದನ್ನು ಜಾರಿಸಲು ಬೇಕಾದ ಅಲ್ಪ ಬಲವೇ ಗಟ್ಟಿ ನೆಲದ ಮೇಲಿರುವ ಗಾಲಿಯ ಪಾಲಿಗೂ ಬರುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಆಗ ನಿಂತ ಗಾಲಿಯ ವೇಗ ಸೊನ್ನೆಯಾಗಿರುವುದರಿಂದ ಜಾರುವ ಗಾಲಿಯು ಕ್ರೌನ್ ವೀಲ್‌ನ ಎರಡು ಪಟ್ಟು ವೇಗದಲ್ಲಿ ಸುತ್ತುತ್ತದೆ, ಅಂದರೆ ಸ್ಪೀಡೋಮೀಟರ್ 40 ಕಿಲೋಮೀಟರ್ ತೋರಿಸುವಾಗ ಕೆಸರಿನಲ್ಲಿರುವ ಗಾಲಿ 80ರ ವೇಗದಲ್ಲಿ ತಿರುಗುತ್ತಿರುತ್ತದೆ. ಸಾಮಾನ್ಯ ರಸ್ತೆಯಲ್ಲಿ ಬಹುತೇಕ ಅಲುಗದಿರುವ ಪುಟ್ಟ ಚಕ್ರಗಳು ಇಲ್ಲಿ ತಮ್ಮ ಪಿನ್ನಿನ ಮೇಲೆ ಅತಿವೇಗದಲ್ಲಿ ಉಜ್ಜಿಕೊಳ್ಳುತ್ತವೆ. ಅಲ್ಲಿರುವ ಎಣ್ಣೆಯ ಪದರ ತೆಳುವಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಪಿನ್ನು ಕಿತ್ತುಹೋಗಬಹುದು. ಟ್ರ್ಯಾಕ್ಟರುಗಳಲ್ಲಿ ಎರಡೂ ಬದಿಯನ್ನು ತಾತ್ಕಾಲಿಕವಾಗಿ ಒಂದಾಗಿಸುವ ಡಿಫರೆನ್ಷಿಯಲ್ ಲಾಕ್ ಪೆಡಲ್ ಇರುವುದು ಇದೇ ಕಾರಣಕ್ಕೆ; ಹಳೆಯ ಕಾರು-ಜೀಪುಗಳಲ್ಲಿ ಅಂಥ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಕೆಸರಿನಲ್ಲಿ ಆಕ್ಸಿಲರೇಟರ್ ಒತ್ತುತ್ತಲೇ ಇರುವುದಕ್ಕಿಂತ ಗಾಲಿಯಡಿಗೆ ಹಲಗೆಯನ್ನೋ ಕಲ್ಲನ್ನೋ ಕೊಡುವುದು ಲೇಸು.

ಎಣ್ಣೆಯ ವಿಷಯಕ್ಕೆ ಬಂದರೆ, ಕ್ರೌನ್ ಪಿನಿಯನ್‌ನ ಹಲ್ಲುಗಳ ಆಕಾರವನ್ನು ಮೊದಲು ಗಮನಿಸಬೇಕು. ಅಮೆರಿಕದ ಪ್ಯಾಕರ್ಡ್ ಕಂಪನಿಯು 1926ರಲ್ಲಿ ತನ್ನ ಕಾರುಗಳಲ್ಲಿ ಅಳವಡಿಸಿದ ಹೈಪಾಯ್ಡ್ ಎಂಬ ವಿನ್ಯಾಸವು ಮುಂದೆ ಲೋಕವ್ಯಾಪಿಯಾಯಿತು. ಇದರಲ್ಲಿ ಪಿನಿಯನ್‌ನ ಅಕ್ಷವು ಕ್ರೌನ್ ವೀಲ್‌ನ ಕೇಂದ್ರಕ್ಕೆ ನೇರವಾಗಿರದೆ ಅದಕ್ಕಿಂತ ಕೆಳಗೆ ಸರಿದಿರುವುದರಿಂದ ಪ್ರೊಪೆಲರ್ ಶಾಫ್ಟು ತಗ್ಗುತ್ತದೆ, ಗಾಡಿಯ ತಳವನ್ನೂ ತಗ್ಗಿಸಬಹುದಾಗುತ್ತದೆ, ಹಲ್ಲುಗಳು ಸದ್ದಿಲ್ಲದೆ ಕೂಡುತ್ತವೆ. ಆದರೆ ಈ ಅನುಕೂಲಕ್ಕೆ ತೆರಬೇಕಾದ ಬೆಲೆಯೂ ಇದೆ. ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದಕ್ಕೆ ಜಾರುತ್ತವೆ ಕೂಡ, ಮತ್ತು ಅಪಾರ ಒತ್ತಡದಡಿ ನಡೆಯುವ ಈ ಜಾರುವಿಕೆಯಿಂದ ಸಾಮಾನ್ಯ ಎಣ್ಣೆಯ ಪದರ ಹರಿದು ಉಕ್ಕಿಗೆ ಉಕ್ಕು ತಾಗಿ ಕ್ಷಣಮಾತ್ರಕ್ಕೆ ಬೆಸೆದು ಕಿತ್ತುಬರುತ್ತದೆ. ಇದನ್ನು ತಡೆಯಲು ಗೇರ್ ಆಯಿಲ್‌ನಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಲಾಗುತ್ತದೆ. ಹಲ್ಲುಗಳು ತಾಗುವ ಬಿಂದುವಿನಲ್ಲಿ ಹುಟ್ಟುವ ಶಾಖದಿಂದಲೇ ಇವು ಉಕ್ಕಿನೊಡನೆ ವರ್ತಿಸಿ ಕಬ್ಬಿಣದ ಸಲ್ಫೈಡ್ ಮತ್ತು ಫಾಸ್ಫೇಟುಗಳ ಅತಿ ತೆಳು ಲೇಪವನ್ನು ಮೂಡಿಸುತ್ತವೆ, ಮತ್ತು ಉಕ್ಕಿನ ಬದಲು ಆ ಲೇಪವೇ ಸವೆದುಹೋಗುತ್ತದೆ. ಗೇರ್ ಆಯಿಲ್‌ನ ಕಟುವಾದ ವಾಸನೆ ಬರುವುದು ಈ ಗಂಧಕದಿಂದ. ಲೇಪ ಸವೆದಂತೆಲ್ಲ ಸಂಯುಕ್ತಗಳು ಖರ್ಚಾಗುತ್ತ ಹೋಗುವುದರಿಂದ, ಪ್ರಮಾಣದಲ್ಲಿ ಒಂದು ಹನಿಯೂ ಕಡಿಮೆಯಾಗದ ಎಣ್ಣೆಯೂ ಗುಣದಲ್ಲಿ ಬಡವಾಗುತ್ತದೆ.

ಡಬ್ಬಿಯ ಮೇಲಿನ ಜಿಎಲ್-4, ಜಿಎಲ್-5 ಎಂಬ ಗುರುತುಗಳು ಈ ಸಂಯುಕ್ತಗಳ ಬಲವನ್ನು ಸೂಚಿಸುತ್ತವೆ. ಹೈಪಾಯ್ಡ್ ಆಕ್ಸಲ್‌ಗೆ ಸಾಮಾನ್ಯವಾಗಿ ಜಿಎಲ್-5 ಬೇಕು. ಆದರೆ ಅದನ್ನೇ ಹಳೆಯ ಗೇರ್‌ಬಾಕ್ಸಿಗೂ ಸುರಿದರೆ ಅಲ್ಲಿರುವ ಹಿತ್ತಾಳೆಯ ಬಳೆಗಳನ್ನು ಅದು ಕ್ರಮೇಣ ತಿನ್ನಬಹುದಾದ್ದರಿಂದ ಎರಡಕ್ಕೂ ಒಂದೇ ಡಬ್ಬಿ ಬಳಸುವ ರೂಢಿ ಸರಿಯಲ್ಲ. 80ಡಬ್ಲ್ಯು-90 ಎಂಬ ಸಂಖ್ಯೆಯು ಎಣ್ಣೆಯ ಮಂದತೆಯ ಅಳತೆ. ಗೇರ್ ಆಯಿಲ್‌ನ 90 ಎಂಬುದು ಎಂಜಿನ್ ಆಯಿಲ್‌ನ 40-50ಕ್ಕೆ ಹತ್ತಿರದ ಮಂದತೆಯೇ ಆಗಿದ್ದು, ಎರಡೂ ಬೇರೆ ಬೇರೆ ಅಳತೆಗೋಲುಗಳಾದ್ದರಿಂದ ಸಂಖ್ಯೆ ದೊಡ್ಡದೆಂದು ಗಾಬರಿಯಾಗಬೇಕಿಲ್ಲ. ಯಾವುದನ್ನು ಹಾಕಬೇಕೆಂಬುದನ್ನು ತೀರ್ಮಾನಿಸಬೇಕಾದದ್ದು ಗಾಡಿಯ ಕೈಪಿಡಿ.

ಕವಚದ ಮೇಲ್ಭಾಗದಲ್ಲಿರುವ ಬ್ರೀದರ್ ಎಂಬ ಪುಟ್ಟ ಉಸಿರುಗಂಡಿಯು ಎರೆನಾಡಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ. ಗಾಡಿ ಓಡಿದಂತೆ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಈ ಗಂಡಿಯಿಂದ ಹೊರಹೋಗುತ್ತದೆ, ತಣ್ಣಗಾದಾಗ ಮರಳಿ ಒಳಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯು ಮಾನ್ವಿ-ಸಿಂಧನೂರು ಭಾಗಕ್ಕೆ, ನಾರಾಯಣಪುರ ಬಲದಂಡೆ ಕಾಲುವೆಯು ದೇವದುರ್ಗದ ಕಡೆಗೆ ನೀರು ತಂದ ಮೇಲೆ ಹೊಲದ ದಾರಿಗಳಲ್ಲಿ ನೀರು ನಿಂತ ತಗ್ಗುಗಳನ್ನು ದಾಟುವುದು ನಿತ್ಯದ ಸಂಗತಿಯಾಗಿದೆ, ಮತ್ತು ಒಣಗಿದರೆ ಕಲ್ಲಾಗುವ ಎರೆಮಣ್ಣಿನ ಚಿಕ್ಕ ಉಂಡೆಯೊಂದು ಬ್ರೀದರನ್ನು ಮುಚ್ಚಲು ಸಾಕು. ಆಗ ನಡೆಯುವುದನ್ನು ಲೆಕ್ಕ ಹಾಕಬಹುದು: ಒಳಗಿನ ಗಾಳಿ 80 ಡಿಗ್ರಿಯಿಂದ 30 ಡಿಗ್ರಿಗೆ ಇಳಿದರೆ ಅದರ ಒತ್ತಡ ಸುಮಾರು ಏಳರಲ್ಲಿ ಒಂದು ಪಾಲು ಕುಸಿಯುತ್ತದೆ, ಅಂದರೆ ಸುಮಾರು 1.4 ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮನಾದ ಸೆಳೆತ ಒಳಗೆ ಹುಟ್ಟುತ್ತದೆ. ದೂರದಿಂದ ಓಡಿಬಂದ ಬಿಸಿ ಆಕ್ಸಲ್ ತಣ್ಣೀರಿನಲ್ಲಿ ಮುಳುಗಿದಾಗ ಈ ಸೆಳೆತವು ಸವೆದ ಆಯಿಲ್ ಸೀಲುಗಳ ಅಂಚಿನಿಂದ ನೀರನ್ನು ಒಳಗೆಳೆಯುತ್ತದೆ. ಬೇಸಿಗೆಯಲ್ಲಿ ಇದರ ವಿರುದ್ಧವಾದದ್ದು ಸಂಭವಿಸುತ್ತದೆ. ಹಿಗ್ಗಿದ ಗಾಳಿಯು ದಾರಿಯಿಲ್ಲದೆ ಎಣ್ಣೆಯನ್ನು ಗಾಲಿಯ ಬದಿಯ ಸೀಲುಗಳಿಂದ ಹೊರದೂಡುತ್ತದೆ, ಆ ಎಣ್ಣೆ ಬ್ರೇಕ್ ಡ್ರಮ್ಮಿನೊಳಗೆ ಇಳಿದು ಬ್ರೇಕಿನ ಹಿಡಿತವನ್ನೇ ಕೆಡಿಸುತ್ತದೆ. ಇದು ಕೇವಲ ಯಂತ್ರದ ಆಯುಷ್ಯದ ಪ್ರಶ್ನೆಯಲ್ಲ, ಪ್ರಯಾಣಿಕರ ಪ್ರಾಣದ ಪ್ರಶ್ನೆ.

ಎಣ್ಣೆ ಬದಲಿಸುವ ಕೆಲಸವನ್ನು ಮನೆಯಲ್ಲಿಯೇ ಮಾಡಬಹುದು. ಮಾರುತಿ 800ರಂತೆ ಮುಂಗಾಲಿಗಳಿಂದ ಎಳೆಯಲ್ಪಡುವ ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನೊಳಗೇ ಅಡಗಿದ್ದು ಎರಡಕ್ಕೂ ಒಂದೇ ಎಣ್ಣೆಯಿರುವುದರಿಂದ ಇಲ್ಲಿ ಹೇಳುವ ಕ್ರಮ ಅವುಗಳಿಗೆ ಸಲ್ಲದು. ಮೊದಲು ಕೆಲವು ಕಿಲೋಮೀಟರ್ ಓಡಿಸಿ ಎಣ್ಣೆ ಬೆಚ್ಚಗಾದ ಮೇಲೆ ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಬೇಕು. ಎತ್ತರವಿರುವ ಜೀಪಿನಂಥ ಗಾಡಿಗೆ ಜಾಕ್ ಬೇಕಾಗದಿರಬಹುದು. ಎತ್ತಲೇಬೇಕಾದರೆ ಮುಂಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಆಕ್ಸಲ್‌ನ ಎರಡೂ ತುದಿಗಳನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಗೇರಿನಲ್ಲಿ ನಿಲ್ಲಿಸಿದ ಗಾಡಿ ಅಲುಗದೆಂಬ ನಂಬಿಕೆ ಇಲ್ಲಿ ಅಪಾಯಕರ, ಏಕೆಂದರೆ ಒಂದು ಹಿಂಗಾಲಿಯನ್ನು ಎತ್ತಿದೊಡನೆ ಡಿಫರೆನ್ಷಿಯಲ್ ಆ ಗಾಲಿಯನ್ನು ಗಾಳಿಯಲ್ಲಿ ತಿರುಗಬಿಟ್ಟು ನೆಲದ ಮೇಲಿನ ಗಾಲಿಯನ್ನು ಉರುಳಲು ಬಿಡುತ್ತದೆ. ಪ್ರೊಪೆಲರ್ ಶಾಫ್ಟಿನ ಮೇಲೆ ಹ್ಯಾಂಡ್‌ಬ್ರೇಕ್ ಇರುವ ಹಳೆಯ ಜೀಪುಗಳಲ್ಲಿ ಆ ಬ್ರೇಕೂ ಇದೇ ಕಾರಣದಿಂದ ನಿರುಪಯೋಗಿಯಾಗುತ್ತದೆ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು.

ಕವಚದ ಪಕ್ಕದಲ್ಲಿ ಎಣ್ಣೆ ತುಂಬುವ ಪ್ಲಗ್ ಇರುತ್ತದೆ, ತಳದಲ್ಲಿ ಎಣ್ಣೆ ಇಳಿಸುವ ಪ್ಲಗ್ ಇರುತ್ತದೆ. ಸುತ್ತಲಿನ ಮಣ್ಣನ್ನು ತಂತಿಬ್ರಷ್ಷಿನಿಂದ ಉಜ್ಜಿ ತೆಗೆದು ಪಾನಾದಿಂದ ಮೊದಲು ಬಿಚ್ಚಬೇಕಾದದ್ದು ತುಂಬುವ ಪ್ಲಗ್ಗನ್ನೇ. ವರ್ಷಗಟ್ಟಲೆ ತುಕ್ಕು ಹಿಡಿದ ಅದು ಬಿಚ್ಚಿಕೊಳ್ಳದಿದ್ದರೆ, ಮೊದಲೇ ಎಣ್ಣೆ ಇಳಿಸಿದ ಗಾಡಿಯನ್ನು ಮೆಕ್ಯಾನಿಕ್ ಬಳಿಗೂ ಓಡಿಸಿಕೊಂಡು ಹೋಗಲಾಗುವುದಿಲ್ಲ. ಕೆಲವು ಆಕ್ಸಲ್‌ಗಳಿಗೆ ತಳದ ಪ್ಲಗ್ ಇರುವುದಿಲ್ಲ, ಅಲ್ಲಿ ಹಿಂದಿನ ಮುಚ್ಚಳ ಬಿಚ್ಚಬೇಕು ಇಲ್ಲವೇ ಕೈಪಂಪಿನಿಂದ ಎಣ್ಣೆಯನ್ನು ಹೀರಿ ತೆಗೆಯಬೇಕು. ಹೊರಬಂದ ಎಣ್ಣೆಯನ್ನು ಎಸೆಯುವ ಮುನ್ನ ಓದಬೇಕು ಎಂದರೆ ತಪ್ಪಾಗದು: ಕಪ್ಪಾಗಿದ್ದರೆ ಅದು ವಯಸ್ಸಿನ ಗುರುತು, ಹಾಲು ಹೆಚ್ಚಾದ ಚಹಾದಂತಿದ್ದರೆ ನೀರು ಸೇರಿರುವುದು ಖಚಿತ, ಆಯಸ್ಕಾಂತವಿರುವ ಪ್ಲಗ್ಗಿನ ತುದಿಗೆ ಬೂದುಬಣ್ಣದ ನುಣುಪಾದ ಲೇಪ ಅಂಟಿದ್ದರೆ ಅದು ಸಹಜ ಸವೆತ, ಬೆರಳಿಗೆ ತಾಗುವ ಚೂರುಗಳಿದ್ದರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ ಮತ್ತು ಆಗ ಹೊಸ ಎಣ್ಣೆಯೊಂದೇ ಪರಿಹಾರವಲ್ಲ.

ತಳದ ಪ್ಲಗ್ಗನ್ನು ಹೊಸ ವಾಷರಿನೊಂದಿಗೆ ಬಿಗಿದು, ಕೈಪಂಪಿನ ನಳಿಕೆಯಿಂದ ಹೊಸ ಎಣ್ಣೆಯನ್ನು ಅದು ತುಂಬುವ ರಂಧ್ರದ ಕೆಳ ಅಂಚಿನಿಂದ ತೊಟ್ಟಿಕ್ಕುವವರೆಗೆ ತುಂಬಬೇಕು. ಚಿಕ್ಕ ಗಾಡಿಗಳಿಗೆ ಇದು ಸಾಮಾನ್ಯವಾಗಿ 1ರಿಂದ 2 ಲೀಟರಿನಷ್ಟಾಗುತ್ತದೆ. ಈ ಮಟ್ಟಕ್ಕೆ ಕಾರಣವಿದೆ. ಡಿಫರೆನ್ಷಿಯಲ್‌ನಲ್ಲಿ ಎಣ್ಣೆಗೆ ಪಂಪಿಲ್ಲ. ಕ್ರೌನ್ ವೀಲ್ ಎಣ್ಣೆಯಲ್ಲಿ ಮುಳುಗಿ ತಿರುಗುತ್ತ ಅದನ್ನು ಎತ್ತಿ ಎರಚಿದಾಗ ಮಾತ್ರ ಪಿನಿಯನ್‌ನ ಬೇರಿಂಗುಗಳಿಗೆ ಅದು ತಲುಪುತ್ತದೆ. ಕಡಿಮೆಯಾದರೆ ಮುಂದಿನ ಬೇರಿಂಗ್ ಒಣಗಿ ಒಂದು ನಿರ್ದಿಷ್ಟ ವೇಗದಲ್ಲಿ ಗುಂಯ್‌ಗುಡುವ ಸದ್ದು ಏಳುತ್ತದೆ, ಹೆಚ್ಚಾದರೆ ಎಣ್ಣೆ ಕಡೆದು ನೊರೆಯಾಗಿ ಬಿಸಿಯೇರಿ ಸೀಲುಗಳನ್ನು ದಾಟಿ ಸೋರುತ್ತದೆ. ಕೊನೆಗೆ ಬ್ರೀದರನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಊದಿ ನೋಡಿ ಕೂರಿಸಬೇಕು.

ಎಷ್ಟು ಕಾಲಕ್ಕೊಮ್ಮೆ ಎಂಬ ಪ್ರಶ್ನೆಗೆ ಕೈಪಿಡಿಗಳು ಕಿಲೋಮೀಟರಿನ ಲೆಕ್ಕದಲ್ಲಿ ಉತ್ತರಿಸುತ್ತವೆ, ಆದರೆ ಆ ಲೆಕ್ಕ ಡಾಂಬರು ರಸ್ತೆಯ ಗಾಡಿಗೆ ಸರಿಹೊಂದುವಷ್ಟು ಹೊಲದ ದಾರಿಯ ಗಾಡಿಗೆ ಹೊಂದುವುದಿಲ್ಲ. ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ಹಾಯ್ದ ಗಾಡಿಯ ಎಣ್ಣೆಯನ್ನು, ಅದು ಓಡಿದ ದೂರ ಎಷ್ಟೇ ಇರಲಿ, ಆ ವಾರದಲ್ಲಿಯೇ ತೆರೆದು ನೋಡಬೇಕು. ಇಳಿಸಿದ ಹಳೆಯ ಎಣ್ಣೆಯನ್ನು ಬದುವಿನ ಮೇಲೋ ಕಾಲುವೆಯ ಬದಿಯಲ್ಲೋ ಸುರಿಯದೆ, ಗೆದ್ದಲಿಗೆಂದು ಮರಕ್ಕೂ ಬಳಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಬಳಸಿದ ಎಣ್ಣೆಯನ್ನು ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಇಂಥ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತವೆ.